ಟೀಚರ್ ಕೆಲಸದಿಂದ ರಾಷ್ಟ್ರಪತಿ ಭವನದವರೆಗೆ: ದ್ರೌಪದಿ ಮುರ್ಮು ಬಗ್ಗೆ ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಕ್ವಿಜ್, ಭಾಷಣ ಸ್ಪರ್ಧೆ, ಪಿಡಿಒ ಪರೀಕ್ಷೆಯ ತಯಾರಿ, ಮಹಿಳಾ ಸಂಘದ ಸಭೆ. ಕೊಡಗಿನಲ್ಲಿ ಇಂಥ ಕಡೆಯೆಲ್ಲ ದ್ರೌಪದಿ ಮುರ್ಮು ಅವರ ಹೆಸರು ಬರುತ್ತದೆ. ಟೀಚರ್ ಆಗಿದ್ದವರು ರಾಷ್ಟ್ರಪತಿ ಆದರು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಆ ಎರಡು ಕೆಲಸಗಳ ನಡುವೆ ಕಾಲು ಶತಮಾನ ಇದೆ. ಅದರ ಬಗ್ಗೆ ಮಕ್ಕಳು, ಟೀಚರ್‌ಗಳು, ಪೋಷಕರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವು ಉತ್ತರ ಚಿಕ್ಕದು, ಕೆಲವು ಉದ್ದ. ಹಾಡಿಯ, ಅಂದರೆ ಆದಿವಾಸಿ ಕೇರಿಯ, ಮಕ್ಕಳ ಓದಿಗೆ ಸಂಬಂಧಪಟ್ಟ ಉತ್ತರವನ್ನು ದಯವಿಟ್ಟು ಬಿಡದೆ ಓದಿ.

ಚುಟುಕಾಗಿ ಹೇಳಿ, ದ್ರೌಪದಿ ಮುರ್ಮು ಯಾರು?

ಭಾರತದ 15ನೇ ರಾಷ್ಟ್ರಪತಿ. 2022ರ ಜುಲೈ 25ರಂದು ಪ್ರಮಾಣವಚನ ತೆಗೆದುಕೊಂಡರು. ಆ ಸ್ಥಾನಕ್ಕೆ ಬಂದ ಮೊದಲ ಆದಿವಾಸಿ ಅವರು. ಪ್ರತಿಭಾ ಪಾಟೀಲ್ ಅವರ ನಂತರ ಎರಡನೇ ಮಹಿಳೆ. ಸ್ವಾತಂತ್ರ್ಯ ಬಂದ ಮೇಲೆ ಹುಟ್ಟಿ ರಾಷ್ಟ್ರಪತಿ ಆದವರಲ್ಲಿ ಮೊದಲಿಗರು. ಅದಕ್ಕೂ ಮುಂಚೆ ಸರ್ಕಾರಿ ಕಚೇರಿಯಲ್ಲಿ ಕಿರಿಯ ಸಹಾಯಕಿ, ಆಮೇಲೆ ಟೀಚರ್, ಕೌನ್ಸಿಲರ್, ಶಾಸಕಿ, ಮಂತ್ರಿ, ರಾಜ್ಯಪಾಲೆ. ಕ್ವಿಜ್‌ಗೆ ಇಷ್ಟು ಸಾಕು.

ಅವರು ಹುಟ್ಟಿದ ಊರು ಯಾವುದು? ಅದೂ ನಮ್ಮ ಹಾಗೆ ಕಾಡಿನ ಜಿಲ್ಲೆಯಾ?

ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಊಪರ್‌ಬೇಡಾ ಎಂಬ ಹಳ್ಳಿ. 1958ರ ಜೂನ್ 20ರಂದು ಸಂತಾಲ್ ಸಮುದಾಯದ ಮನೆಯಲ್ಲಿ ಹುಟ್ಟಿದರು. ತಂದೆ ಬಿರಂಚಿ ನಾರಾಯಣ ಟುಡು ರೈತರು, ಊರಿನ ಮುಖಂಡರೂ ಆಗಿದ್ದರು.

ಹೌದು, ಕಾಡಿನ ಜಿಲ್ಲೆಯೇ. ಸಿಮಿಲಿಪಾಲ್ ಹುಲಿ ಸಂರಕ್ಷಿತ ಪ್ರದೇಶ ಇರುವುದು ಅಲ್ಲೇ. ನಾಗರಹೊಳೆ ಅಂಚಿನಲ್ಲಿ ಬದುಕುವವರಿಗೆ ಆ ಊರುಗಳ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ. ಆನೆ, ಹುಲಿ, ಅರಣ್ಯ ಇಲಾಖೆ, ಗದ್ದೆಯ ಪಕ್ಕದಲ್ಲೇ ಕಾಡು, ಹಕ್ಕುಪತ್ರಕ್ಕಾಗಿ ಅಲೆದಾಟ. ಒಂದು ದೊಡ್ಡ ವ್ಯತ್ಯಾಸ ಇದೆ. ಮಯೂರ್‌ಭಂಜ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪರಿಶಿಷ್ಟ ಪಂಗಡದವರು. ಕೊಡಗಿನಲ್ಲಿ 2011ರ ಜನಗಣತಿ ಪ್ರಕಾರ ಸುಮಾರು ಶೇ. 10ರಷ್ಟು. ಅಲ್ಲಿ ಆದಿವಾಸಿಗಳ ಓಟಿಲ್ಲದೆ ಯಾರೂ ಗೆಲ್ಲುವುದಿಲ್ಲ. ಇಲ್ಲಿ ಅವರನ್ನು ಬಿಟ್ಟೂ ಗೆಲ್ಲಬಹುದು. ಹಾಡಿಗಳ ರಸ್ತೆ, ಕರೆಂಟು, ನೀರಿನ ಮಾತು ನಮ್ಮಲ್ಲಿ ಯಾಕೆ ಇಷ್ಟು ನಿಧಾನ ಅನ್ನುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ.

ಆದರೆ ಸಂಖ್ಯೆ ಒಂದೇ ಎಲ್ಲವನ್ನೂ ಕೊಡಿಸುವುದಿಲ್ಲ. 2022ರ ಜೂನ್‌ನಲ್ಲಿ ಮುರ್ಮು ಅವರ ಹೆಸರು ರಾಷ್ಟ್ರಪತಿ ಹುದ್ದೆಗೆ ಘೋಷಣೆ ಆದಾಗ, ಅವರ ಹಳ್ಳಿಗೇ ಸೇರಿದ ಡುಂಗುರ್‌ಸಾಹಿ ಎಂಬ ಕೇರಿಗೆ ಕರೆಂಟು ಇರಲಿಲ್ಲ. ಸುದ್ದಿ ಆದ ಮೇಲೆ ಕಂಬ ಹಾಕುವ ಕೆಲಸ ಶುರುವಾಯಿತು.

ಎಲ್ಲಿ ಓದಿದರು? ಆ ಕಾಲದಲ್ಲಿ ಹಳ್ಳಿಯ ಹುಡುಗಿಯನ್ನು ಓದಲು ಕಳಿಸುತ್ತಿದ್ದರಾ?

ಮೊದಲು ಊರಿನ ಶಾಲೆ. ಆಮೇಲೆ ರಾಜಧಾನಿ ಭುವನೇಶ್ವರದ ಸರ್ಕಾರಿ ಬಾಲಕಿಯರ ಪ್ರೌಢಶಾಲೆ, ಹಾಸ್ಟೆಲ್ ವಾಸ. ನಂತರ ಅಲ್ಲಿನ ರಮಾದೇವಿ ಮಹಿಳಾ ಕಾಲೇಜಿನಲ್ಲಿ ಬಿ.ಎ.

ಕಳಿಸುತ್ತಿರಲಿಲ್ಲ ಅನ್ನುವುದೇ ಸತ್ಯ. ತಮ್ಮ ಊರಿನಿಂದ ಕಾಲೇಜಿಗೆ ಹೋದ ಮೊದಲ ಹೆಣ್ಣುಮಗಳು ತಾನು ಎಂದು ಪ್ರಮಾಣವಚನದ ದಿನದ ಭಾಷಣದಲ್ಲಿ ಅವರೇ ಹೇಳಿದರು. ಪ್ರಾಥಮಿಕ ಶಿಕ್ಷಣ ಪಡೆಯುವುದೇ ಕನಸಿನಂತಿತ್ತು ಎಂದೂ ಹೇಳಿದರು. ಮಯೂರ್‌ಭಂಜ್‌ನಿಂದ ಭುವನೇಶ್ವರ ಅಂದರೆ ಪಕ್ಕದ ಪೇಟೆಯಲ್ಲ, ಪೂರ್ತಿ ಒಂದು ದಿನದ ಪ್ರಯಾಣ. ಹಾಸ್ಟೆಲ್ ಇಲ್ಲದಿದ್ದರೆ ಆ ಓದು ಆಗುತ್ತಲೇ ಇರಲಿಲ್ಲ.

ದ್ರೌಪದಿ ಅನ್ನುವುದು ಮನೆಯವರು ಇಟ್ಟ ಹೆಸರಲ್ಲ. ಅವರ ಸಂತಾಲಿ ಹೆಸರು ಪುಟಿ. ಬೇರೆ ಜಿಲ್ಲೆಯಿಂದ ಬಂದಿದ್ದ ಶಿಕ್ಷಕರೊಬ್ಬರು ಶಾಲೆಯಲ್ಲಿ ಹೆಸರು ಬದಲಿಸಿದರು. ಇದನ್ನೂ ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ.

ಡಿಗ್ರಿ ಮುಗಿದ ತಕ್ಷಣ ಟೀಚರ್ ಆದರಾ?

ಇಲ್ಲ. 1979ರಿಂದ 1983ರವರೆಗೆ ಒಡಿಶಾ ಸರ್ಕಾರದ ನೀರಾವರಿ ಮತ್ತು ವಿದ್ಯುತ್ ಇಲಾಖೆಯಲ್ಲಿ ಕಿರಿಯ ಸಹಾಯಕಿ. ಫೈಲು, ಟಿಪ್ಪಣಿ, ರಿಜಿಸ್ಟರ್ ಕೆಲಸ. ಮನೆ, ಮಕ್ಕಳನ್ನು ನೋಡಿಕೊಳ್ಳಲು ಆ ಕೆಲಸ ಬಿಟ್ಟರು. ಆಮೇಲೆ ಹತ್ತು ವರ್ಷಕ್ಕೂ ಜಾಸ್ತಿ ಸಂಬಳದ ಕೆಲಸ ಇಲ್ಲ.

ಇದನ್ನು ಯಾರೂ ಒತ್ತಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮದುವೆಯಾಗಿ, ಮಕ್ಕಳಾಗಿ, ಇನ್ನು ತನ್ನ ಓದಿನಿಂದ ಏನು ಪ್ರಯೋಜನ ಅಂದುಕೊಂಡು ಮನೆಯಲ್ಲಿ ಕೂತ ಪದವೀಧರ ಹೆಣ್ಣುಮಕ್ಕಳು ಕೊಡಗಿನಲ್ಲಿ ಮನೆಗೊಬ್ಬರು ಸಿಗುತ್ತಾರೆ. ಮುರ್ಮು ಅವರು ಮತ್ತೆ ಹೊರಗೆ ಕಾಲಿಟ್ಟಾಗ ವಯಸ್ಸು ಮೂವತ್ತೈದು ದಾಟಿತ್ತು.

ಯಾವ ಶಾಲೆ? ಏನು ಪಾಠ ಮಾಡುತ್ತಿದ್ದರು?

ರಾಯರಂಗಪುರ ಎಂಬ ಚಿಕ್ಕ ಪಟ್ಟಣದ ಶ್ರೀ ಅರವಿಂದೋ ಇಂಟೆಗ್ರಲ್ ಎಜುಕೇಶನ್ ಸೆಂಟರ್. ಅರವಿಂದರ ಶಿಕ್ಷಣ ವಿಚಾರವನ್ನು ಅನುಸರಿಸುವ ಶಾಲೆ. 1994ರಿಂದ 1997ರವರೆಗೆ ಅಲ್ಲಿ ಗೌರವ ಶಿಕ್ಷಕಿ. ಹಿಂದಿ, ಒಡಿಯಾ, ಗಣಿತ, ಭೂಗೋಳ ಕಲಿಸಿದರು. ಸಣ್ಣ ಊರಿನ ಶಾಲೆಯಲ್ಲಿ ಒಬ್ಬರೇ ನಾಲ್ಕು ವಿಷಯ ಹಿಡಿಯುವುದು ಹೊಸದೇನಲ್ಲ. ಸೋಮವಾರಪೇಟೆ, ಪೊನ್ನಂಪೇಟೆ ಕಡೆಯ ಶಾಲೆಗಳ ಟೀಚರ್‌ಗಳಿಗೆ ಇದು ಚೆನ್ನಾಗಿ ಗೊತ್ತು.

ಬರೀ ಮೂರು ವರ್ಷ ಪಾಠ ಮಾಡಿದವರನ್ನು ಟೀಚರ್ ಅಂತ ಕರೆಯುವುದು ಸರಿಯಾ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟ್ರುಗಳು. ಅವರ ಪ್ರಶ್ನೆಯಲ್ಲಿ ನ್ಯಾಯ ಇದೆ.

ನನ್ನ ಉತ್ತರ ಇದು. ವರ್ಷದ ಲೆಕ್ಕದಲ್ಲಿ ಅವರು ಟೀಚರ್‌ಗಿಂತ ಜಾಸ್ತಿ ಜನಪ್ರತಿನಿಧಿ. ಆದರೆ ರಾಯರಂಗಪುರದ ಜನ ಅವರನ್ನು ಮೊದಲು ಗುರುತಿಸಿದ್ದು ಮಕ್ಕಳಿಗೆ ಪಾಠ ಹೇಳುವ ಹೆಂಗಸು ಅಂತ. ಚಿಕ್ಕ ಊರಲ್ಲಿ ಟೀಚರ್ ಅಂದರೆ ಪ್ರತಿ ಮನೆಯ ಕಷ್ಟ ಗೊತ್ತಿರುವವರು. ಯಾವ ಮಗು ಊಟ ಮಾಡದೆ ಬಂದಿದೆ, ಯಾವ ಅಪ್ಪ ಕುಡಿಯುತ್ತಾನೆ, ಯಾವ ಹುಡುಗಿಗೆ ಮನೆಯಲ್ಲಿ ಮದುವೆ ಮಾತು ನಡೆಯುತ್ತಿದೆ, ಎಲ್ಲ ಕಿವಿಗೆ ಬೀಳುತ್ತದೆ. ಓಟು ಕೇಳಲು ಹೋಗುವ ಮೊದಲೇ ಊರನ್ನು ಇಷ್ಟು ಹತ್ತಿರದಿಂದ ಬಲ್ಲವರು ರಾಜಕೀಯದಲ್ಲಿ ಎಷ್ಟು ಜನ ಇದ್ದಾರೆ ಹೇಳಿ?

ರಾಜಕೀಯಕ್ಕೆ ಹೇಗೆ ಬಂದರು?

1997ರಲ್ಲಿ ರಾಯರಂಗಪುರ ಪಟ್ಟಣ ಪಂಚಾಯಿತಿಗೆ ಕೌನ್ಸಿಲರ್ ಆಗಿ ಗೆದ್ದರು. ಉಪಾಧ್ಯಕ್ಷೆಯೂ ಆದರು. ಚರಂಡಿ, ಕಸದ ಕೆಲಸವನ್ನು ಬಿಸಿಲಿನಲ್ಲಿ ಎದುರಿಗೇ ನಿಂತು ಮಾಡಿಸುತ್ತಿದ್ದರು ಎಂದು ಆಗಿನ ಜೊತೆಗಾರರು ನೆನಪಿಸಿಕೊಂಡಿದ್ದಾರೆ.

ಆ ಕಾಲವನ್ನೂ ನೋಡಬೇಕು. ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದು, ಪಂಚಾಯಿತಿ ಮತ್ತು ನಗರ ಸಂಸ್ಥೆಗಳಲ್ಲಿ ಮೂರನೇ ಒಂದು ಭಾಗ ಸ್ಥಾನ ಮಹಿಳೆಯರಿಗೆ ಸಿಕ್ಕಿತ್ತು. ಅದರಿಂದಾಗಿ ರಾಜಕೀಯ ಮನೆತನವಾಗಲಿ ದುಡ್ಡಾಗಲಿ ಇಲ್ಲದ ಸಾವಿರಾರು ಹೆಂಗಸರು ದೇಶದ ತುಂಬ ಮೊದಲ ಸಲ ಸ್ಪರ್ಧಿಸಿದರು. ಈಗ ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದ್ದು. ನಮ್ಮ ಗ್ರಾಮ ಪಂಚಾಯಿತಿ ಸದಸ್ಯೆಯ ಬದಲು ಗಂಡನೇ ಮೀಟಿಂಗಿಗೆ ಬಂದು ಕೂರುವುದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆ ಕುರ್ಚಿಯಲ್ಲಿ ಕಲಿಯುವುದು ತುಂಬಾ ಇದೆ. ಅದನ್ನು ಅವಳಿಂದ ಕಿತ್ತುಕೊಳ್ಳಬಾರದು.

ಶಾಸಕಿಯಾಗಿ, ಮಂತ್ರಿಯಾಗಿ ಏನು ಮಾಡಿದರು?

2000ದಲ್ಲಿ ಬಿಜೆಪಿಯಿಂದ ರಾಯರಂಗಪುರದ ಶಾಸಕಿ. 2004ರಲ್ಲಿ ಮತ್ತೆ ಗೆದ್ದರು. ಬಿಜೆಡಿ (ಬಿಜು ಜನತಾ ದಳ)–ಬಿಜೆಪಿ ಮೈತ್ರಿ ಸರ್ಕಾರದಲ್ಲಿ 2002ರವರೆಗೆ ವಾಣಿಜ್ಯ ಮತ್ತು ಸಾರಿಗೆ, ಆಮೇಲೆ 2004ರವರೆಗೆ ಮೀನುಗಾರಿಕೆ ಮತ್ತು ಪಶುಸಂಪನ್ಮೂಲ ಖಾತೆ. 2007ರಲ್ಲಿ ಒಡಿಶಾ ವಿಧಾನಸಭೆಯ ಉತ್ತಮ ಶಾಸಕರಿಗೆ ಕೊಡುವ ನೀಲಕಂಠ ಪ್ರಶಸ್ತಿ ಬಂತು.

ಮಂತ್ರಿಗಿರಿ ಮುಗಿದ ಮೇಲೆ ಮಾಡಿದ್ದೇ ನನಗೆ ಮುಖ್ಯ. ಅವರು ಪಕ್ಷದ ಪರಿಶಿಷ್ಟ ಪಂಗಡ ಮೋರ್ಚಾದಲ್ಲಿ ದುಡಿದರು, ಆಮೇಲೆ ತಮ್ಮ ಜಿಲ್ಲೆಯ ಪಕ್ಷದ ಅಧ್ಯಕ್ಷೆ ಆದರು. ರಾಜ್ಯದ ಮಂತ್ರಿಯಾಗಿದ್ದವರು ಜಿಲ್ಲಾ ಹೊಣೆ ಹೊತ್ತು ಹಳ್ಳಿ ತಿರುಗುವುದು ಅಷ್ಟು ಸುಲಭ ಅಲ್ಲ.

ಅವರು ಯಾವತ್ತೂ ಸೋತಿಲ್ಲವಾ?

ಸೋತಿದ್ದಾರೆ. 2009ರಲ್ಲಿ ಬಿಜೆಡಿ ಮತ್ತು ಬಿಜೆಪಿ ಬೇರೆಯಾದವು. ಆ ವರ್ಷ ಮಯೂರ್‌ಭಂಜ್ ಲೋಕಸಭಾ ಕ್ಷೇತ್ರದಲ್ಲಿ ನಿಂತು ಸೋತರು.

ಅದಕ್ಕಿಂತ ದೊಡ್ಡ ಪೆಟ್ಟು ಮನೆಯೊಳಗೆ ಬಿತ್ತು. ಅದೇ 2009ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಇಬ್ಬರು ಗಂಡುಮಕ್ಕಳು ತೀರಿಕೊಂಡರು. ನಂತರ ಪತಿ ಶ್ಯಾಮ್ ಚರಣ್ ಮುರ್ಮು ಅವರೂ ಹೋದರು. ಉಳಿದದ್ದು ಮಗಳು ಒಬ್ಬಳೇ. ಬ್ರಹ್ಮಕುಮಾರಿ ಸಂಸ್ಥೆಯ ಧ್ಯಾನದಲ್ಲಿ ಆಗ ಅವರು ಸಮಾಧಾನ ಹುಡುಕಿಕೊಂಡರು.

ಆಮೇಲೆ ಪಹಾಡ್‌ಪುರದಲ್ಲಿದ್ದ ಗಂಡನ ಮನೆಯ ಜಾಗವನ್ನು ಶಾಲೆಗೆ ಕೊಟ್ಟರು. ಇವತ್ತು ಅಲ್ಲಿ ಗಂಡ ಮತ್ತು ಇಬ್ಬರು ಮಕ್ಕಳ ನೆನಪಿನ ವಸತಿ ಶಾಲೆ ಇದೆ. ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಎಸ್‌ಎಲ್‌ಎಸ್ ಅಂತ ಹೆಸರು. ಮಕ್ಕಳನ್ನು ಕಳೆದುಕೊಂಡ ಮನೆಯಲ್ಲಿ ಬೇರೆಯವರ ಮಕ್ಕಳು ಓದುತ್ತಿದ್ದಾರೆ. ಅವರ ಬದುಕಿನಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಈ ಒಂದು ನಿರ್ಧಾರದ ಮೇಲೆ.

ಜಾರ್ಖಂಡ್ ರಾಜ್ಯಪಾಲೆಯಾಗಿ ಅವರ ಮುಖ್ಯ ಕೆಲಸ ಯಾವುದು?

2015ರ ಮೇ ತಿಂಗಳಿಂದ 2021ರ ಜುಲೈವರೆಗೆ ಅವರು ಜಾರ್ಖಂಡ್ ರಾಜ್ಯಪಾಲೆ. ಆ ರಾಜ್ಯದ ಮೊದಲ ಮಹಿಳಾ ರಾಜ್ಯಪಾಲೆ. ಪೂರ್ತಿ ಐದು ವರ್ಷ ಅಲ್ಲಿದ್ದ ಮೊದಲ ರಾಜ್ಯಪಾಲರೂ ಅವರೇ.

ಜನ ಜಾಸ್ತಿ ನೆನಪಿಡುವುದು ಭೂಮಿಯ ಕಾನೂನಿನ ವಿಚಾರ. ಜಾರ್ಖಂಡ್‌ನಲ್ಲಿ ಎರಡು ಹಳೆಯ ಕಾನೂನು ಇವೆ. 1908ರ ಛೋಟಾನಾಗ್‌ಪುರ ಗೇಣಿ ಕಾಯ್ದೆ, 1949ರ ಸಂತಾಲ್ ಪರಗಣ ಗೇಣಿ ಕಾಯ್ದೆ. ಆದಿವಾಸಿಗಳ ಭೂಮಿ ಹೊರಗಿನವರ ಕೈಸೇರದ ಹಾಗೆ ಕಾಯುವುದು ಇವೇ. 2016ರಲ್ಲಿ ಅಲ್ಲಿನ ಸರ್ಕಾರ ಎರಡಕ್ಕೂ ತಿದ್ದುಪಡಿ ತಂದಿತು. ಕೃಷಿ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು ದಾರಿ ಮಾಡುವ ತಿದ್ದುಪಡಿ. ರಾಜ್ಯದ ತುಂಬ ಪ್ರತಿಭಟನೆ ನಡೆಯಿತು. ರಾಜ್ಯಪಾಲರಿಗೆ ಮನವಿಗಳು ಬಂದವು. 2017ರಲ್ಲಿ ಅವರು ಮಸೂದೆಗಳಿಗೆ ಸಹಿ ಹಾಕದೆ ವಾಪಸ್ ಕಳಿಸಿದರು. ಇದರಿಂದ ಆದಿವಾಸಿಗಳಿಗೆ ಏನು ಲಾಭ ಅಂತ ಸರ್ಕಾರವನ್ನೇ ಕೇಳಿದರು. ಕೊನೆಗೆ ಸರ್ಕಾರ ತಿದ್ದುಪಡಿ ಕೈಬಿಟ್ಟಿತು.

ಆಗ ರಾಂಚಿಯಲ್ಲಿದ್ದದ್ದು ವಿರೋಧಿ ಪಕ್ಷದ ಸರ್ಕಾರ ಅಲ್ಲ, ಬಿಜೆಪಿ ಸರ್ಕಾರವೇ. ವಿರೋಧ ಪಕ್ಷದ ಸರ್ಕಾರದ ಮಸೂದೆ ತಡೆಯುವ ರಾಜ್ಯಪಾಲರನ್ನು ನಾವು ಎಲ್ಲ ಕಾಲದಲ್ಲೂ ನೋಡಿದ್ದೇವೆ. ತನ್ನನ್ನು ಬೆಳೆಸಿದ ಪಕ್ಷದ ಸರ್ಕಾರಕ್ಕೇ ಪ್ರಶ್ನೆ ಹಾಕಿ ಕಳಿಸುವವರು ಅಪರೂಪ. ಜಮ್ಮಾ ಬಾಣೆಯ (ವಂಶಪಾರಂಪರ್ಯವಾಗಿ ಬಂದ ಭೂಮಿಯ) ದಾಖಲೆಗಾಗಿ ತಲೆಮಾರುಗಟ್ಟಲೆ ಕಚೇರಿ ಸುತ್ತಿದ ಕೊಡಗಿನವರಿಗೆ, ಭೂಮಿಯ ಕಾನೂನಿನಲ್ಲಿ ಒಂದು ಸಾಲು ಬದಲಾದರೆ ಏನಾಗುತ್ತದೆ ಅಂತ ಬೇರೆಯವರು ತಿಳಿಸಬೇಕಾಗಿಲ್ಲ ಅಲ್ವಾ?

ಇನ್ನೊಂದು ಕೆಲಸ ವಿಶ್ವವಿದ್ಯಾಲಯಗಳದ್ದು. ರಾಜ್ಯಪಾಲರೇ ಅವುಗಳ ಕುಲಾಧಿಪತಿ. ಅಧ್ಯಾಪಕರ, ನೌಕರರ ಬಾಕಿ ಪ್ರಕರಣಗಳಿಗಾಗಿ ಲೋಕ ಅದಾಲತ್ ನಡೆಸುವ ಕ್ರಮ ತಂದರು. ಪಿಂಚಣಿಗಾಗಿ ಅಲೆಯುವ ನಿವೃತ್ತ ಮೇಷ್ಟ್ರ ಕಷ್ಟ ಗೊತ್ತಿದ್ದವರಿಗೇ ಇಂಥದ್ದು ಹೊಳೆಯುತ್ತದೆ.

ಅವರು ಎಂಪಿ ಆಗಿದ್ದು ಯಾವಾಗ?

ಆಗಿಯೇ ಇಲ್ಲ. ಲೋಕಸಭೆಯಲ್ಲೂ ಇರಲಿಲ್ಲ, ರಾಜ್ಯಸಭೆಯಲ್ಲೂ ಇರಲಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ತಪ್ಪು ಮಾಡುವ ಜಾಗ ಇದು.

ರಾಷ್ಟ್ರಪತಿ ಚುನಾವಣೆಯಲ್ಲಿ ಕೊಡಗಿನ ಓಟು ಇತ್ತಾ?

ಇತ್ತು, ಆದರೆ ನಮ್ಮ ನಿಮ್ಮ ಕೈಯಲ್ಲಿ ಅಲ್ಲ. ರಾಷ್ಟ್ರಪತಿಯನ್ನು ಆರಿಸುವುದು ಚುನಾಯಿತ ಸಂಸದರು ಮತ್ತು ಚುನಾಯಿತ ಶಾಸಕರು. ಕೊಡಗಿನಿಂದ ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರದ ಇಬ್ಬರು ಶಾಸಕರು, ಜೊತೆಗೆ ಮೈಸೂರು–ಕೊಡಗು ಸಂಸದರು ಓಟು ಹಾಕುತ್ತಾರೆ. ವಿಧಾನ ಪರಿಷತ್ ಸದಸ್ಯರಿಗೂ, ನಾಮಕರಣಗೊಂಡ ಸದಸ್ಯರಿಗೂ ಈ ಓಟು ಇಲ್ಲ.

ಎಲ್ಲರ ಓಟಿಗೂ ಒಂದೇ ಬೆಲೆ ಇರುವುದಿಲ್ಲ. 1971ರ ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದ ಒಬ್ಬ ಶಾಸಕರ ಓಟಿನ ಮೌಲ್ಯ 131. 2022ರಲ್ಲಿ ಸಂಸದರೊಬ್ಬರ ಓಟಿನ ಮೌಲ್ಯ 700 ಇತ್ತು. ಆ ವರ್ಷ ಜುಲೈ 18ರಂದು ಮತದಾನ, 21ರಂದು ಎಣಿಕೆ. ಮುರ್ಮು ಅವರಿಗೆ 6,76,803, ಎದುರಾಳಿ ಯಶವಂತ ಸಿನ್ಹಾ ಅವರಿಗೆ 3,80,177 ಮೌಲ್ಯದ ಮತ. ಅಂದರೆ ಸುಮಾರು ಶೇ. 64. ಬಿಜೆಡಿ, ಜಾರ್ಖಂಡ್ ಮುಕ್ತಿ ಮೋರ್ಚಾದಂಥ ಪಕ್ಷಗಳೂ ಅವರನ್ನು ಬೆಂಬಲಿಸಿದವು. ನಮ್ಮ ರಾಜ್ಯದಲ್ಲಿ ಜೆಡಿಎಸ್ ಕೂಡ.

ರಾಷ್ಟ್ರಪತಿ ಅಂದರೆ ರಬ್ಬರ್ ಸ್ಟಾಂಪ್ ಅಂತಾರಲ್ಲ, ನಿಜವಾ?

ಸಂವಿಧಾನದ 74ನೇ ವಿಧಿ ಪ್ರಕಾರ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ಕಳಿಸಬಹುದು. ಅದೇ ಸಲಹೆ ಮತ್ತೆ ಬಂದರೆ ಒಪ್ಪಲೇಬೇಕು. ಹಾಗಾಗಿ ರಾಜ್ಯಪಾಲೆಯಾಗಿ ರಾಂಚಿಯಲ್ಲಿ ಮಾಡಿದ್ದನ್ನೇ ದೆಹಲಿಯಲ್ಲೂ ಮಾಡಲಿ ಅಂತ ಕಾಯುವವರಿಗೆ ನಿರಾಸೆ ಆಗುತ್ತದೆ. ಹುದ್ದೆಯ ಕಟ್ಟುಪಾಡು ಬೇರೆ.

2023ರ ಮೇ 28ರಂದು ಹೊಸ ಸಂಸತ್ ಭವನದ ಉದ್ಘಾಟನೆ ಪ್ರಧಾನಿಯವರಿಂದ ಆಯಿತು. ರಾಷ್ಟ್ರಪತಿಯನ್ನು ಕರೆಯಬೇಕಿತ್ತು ಎಂದು ಹಲವು ವಿರೋಧ ಪಕ್ಷಗಳು ಆ ಕಾರ್ಯಕ್ರಮಕ್ಕೆ ಹೋಗಲಿಲ್ಲ. ಅಂದು ಮುರ್ಮು ಅವರ ಸಂದೇಶವನ್ನು ಓದಲಾಯಿತು. ಸಂಸತ್ತಿನ ಒಂದು ಭಾಗವೇ ರಾಷ್ಟ್ರಪತಿ ಅಂತ ಸಂವಿಧಾನ ಹೇಳುವಾಗ, ಅವರು ಅಲ್ಲಿ ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಇದರಲ್ಲಿ ಪಕ್ಷದ ಮಾತಿಲ್ಲ.

ಆದರೆ ಮಾತಿಗೆ ಬೆಲೆ ಇಲ್ಲ ಅನ್ನಬೇಡಿ. 2022ರ ನವೆಂಬರ್ 26ರ ಸಂವಿಧಾನ ದಿನ ಅವರು ಸುಪ್ರೀಂ ಕೋರ್ಟಿನ ಕಾರ್ಯಕ್ರಮದಲ್ಲಿ ಮಾತಾಡಿದರು. ಬರೆದು ತಂದಿದ್ದ ಭಾಷಣ ಬಿಟ್ಟು ಹಿಂದಿಯಲ್ಲಿ ಜೈಲಿನಲ್ಲಿರುವ ಬಡವರ ಬಗ್ಗೆ ಹೇಳಿದರು. ಸಣ್ಣ ತಪ್ಪಿಗೆ ಒಳಗೆ ಹೋದವರು, ಬಿಡಿಸಿಕೊಳ್ಳಲು ಮನೆಯವರಿಗೆ ದುಡ್ಡಿಲ್ಲದವರು, ತಮ್ಮ ಹಕ್ಕು ಏನು ಅಂತ ಗೊತ್ತಿಲ್ಲದವರು. ದೇಶ ಮುಂದೆ ಹೋಗುತ್ತಿದ್ದರೆ ಹೊಸ ಜೈಲುಗಳು ಯಾಕೆ ಬೇಕು ಅಂತ ಕೇಳಿದರು. ಎದುರಿಗೆ ಕೂತಿದ್ದವರು ಮುಖ್ಯ ನ್ಯಾಯಮೂರ್ತಿ, ಕಾನೂನು ಮಂತ್ರಿ. ಕಾಡಿನ ಕೇಸುಗಳಲ್ಲಿ ಸಿಕ್ಕಿಕೊಂಡ ಜೇನುಕುರುಬರ ಮನೆಗಳನ್ನು ಕಂಡ ಯಾರಿಗಾದರೂ ಆ ಮಾತು ತಟ್ಟುತ್ತದೆ.

ಈಗಲೂ ಪಾಠ ಮಾಡುತ್ತಾರಾ?

ಒಂದು ಸಲ ಮಾಡಿದ್ದಾರೆ. 2024ರ ಜುಲೈ 25, ಅವರ ಅಧಿಕಾರದ ಎರಡು ವರ್ಷ ತುಂಬಿದ ದಿನ. ರಾಷ್ಟ್ರಪತಿ ಭವನದ ಆವರಣದಲ್ಲಿರುವ ಕೇಂದ್ರೀಯ ವಿದ್ಯಾಲಯಕ್ಕೆ ಹೋಗಿ 9ನೇ ತರಗತಿಯ ಮಕ್ಕಳಿಗೆ ಪಾಠ ಮಾಡಿದರು. ವಿಷಯ ಭೂಮಿ ಬಿಸಿಯಾಗುತ್ತಿರುವುದು. ಮೊದಲು ಮಕ್ಕಳ ಹೆಸರು, ಹವ್ಯಾಸ, ಮುಂದೆ ಏನಾಗಬೇಕು ಅಂತ ಕೇಳಿ ಆಮೇಲೆ ಪಾಠ ಶುರು ಮಾಡಿದರು. ಮಳೆ ನೀರು ಹಿಡಿಯುವ, ಗಿಡ ನೆಡುವ ಮಾತು ಬಂತು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆಯ ಗುಡ್ಡಗಳು ಕುಸಿದದ್ದನ್ನು ನೋಡಿದ ಜಿಲ್ಲೆಗೆ ಈ ಪಾಠ ಪುಸ್ತಕದ್ದಲ್ಲ.

ನಮ್ಮ ಹಾಡಿಯ ಮಕ್ಕಳಿಗೆ ಇದರಿಂದ ಏನು?

ಗೋಡೆಯ ಮೇಲೆ ಇನ್ನೊಂದು ಫೋಟೋ ಅಷ್ಟೇನಾ ಅಂತ ಒಬ್ಬ ಯುವ ಶಿಕ್ಷಕಿ ಕೇಳಿದರು. ಒಳ್ಳೆಯ ಪ್ರಶ್ನೆ.

ಕೊಡಗಿನಲ್ಲಿ ಯರವರು, ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು ಇದ್ದಾರೆ. ಇವರಲ್ಲಿ ಜೇನುಕುರುಬರನ್ನು ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಅಂತ ಗುರುತಿಸಿದೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಜೇನುಕುರುಬರು ಮತ್ತು ಕೊರಗರು ಮಾತ್ರ. ನಮ್ಮ ಹಾಡಿಯ ಮತ್ತು ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆಯ) ಮಕ್ಕಳು ಶಾಲೆ ಬಿಡುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಡಿಸೆಂಬರ್ ಬಂತು ಅಂದರೆ ಕಾಫಿ ಕೊಯ್ಲು. ಅಪ್ಪ ಅಮ್ಮ ತೋಟದಿಂದ ತೋಟಕ್ಕೆ ಹೋಗುತ್ತಾರೆ, ಮಗುವೂ ಜೊತೆಗೆ. ದಾರಿಯಲ್ಲಿ ಆನೆ. ಮಳೆಗಾಲದಲ್ಲಿ ತೋಡು ತುಂಬಿದರೆ ದಾಟಲು ಆಗುವುದಿಲ್ಲ. ಮನೆಯ ಮಾತು ಯರವ, ಶಾಲೆಯ ಮಾತು ಕನ್ನಡ. ಒಂದನೇ ತರಗತಿಯ ಮಗು ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತದೆ. ಮಗುವಿಗೆ ಬುದ್ಧಿ ಇಲ್ಲ ಅಂತ ಬರೆದುಬಿಡುತ್ತಾರೆ. ಬುದ್ಧಿ ಇದೆ, ಭಾಷೆ ಗೊತ್ತಿಲ್ಲ ಅಷ್ಟೇ.

ಮುರ್ಮು ಅವರ ಕಥೆಯಲ್ಲಿ ನಾವು ಗಮನಿಸಬೇಕಾದ್ದು ಮೂರು ಸಂಗತಿ. ಮೊದಲನೆಯದು ಹಾಸ್ಟೆಲ್. ಹಳ್ಳಿಯ ಹುಡುಗಿ ರಾಜಧಾನಿಯಲ್ಲಿ ಓದಿದ್ದು ಸುರಕ್ಷಿತ ಹಾಸ್ಟೆಲ್ ಇದ್ದದ್ದರಿಂದ. ತಿತಿಮತಿ, ನಾಗರಹೊಳೆ ಕಡೆಯ ಆಶ್ರಮ ಶಾಲೆಯ (ಆದಿವಾಸಿ ಮಕ್ಕಳ ವಸತಿ ಶಾಲೆಯ) ಮಗು ಅಲ್ಲಿನ ಓದು ಮುಗಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ? ಪ್ರೌಢಶಾಲೆಗೆ ಸೀಟು, ಹಾಸ್ಟೆಲಲ್ಲಿ ಜಾಗ, ವಾರ್ಡನ್ ಮೇಲೆ ಪೋಷಕರಿಗೆ ನಂಬಿಕೆ, ಇವು ಮೂರೂ ಸಿಕ್ಕರೆ ಮಾತ್ರ ಮಗು ಮುಂದಕ್ಕೆ ಹೋಗುತ್ತದೆ. ಜೂನ್‌ಗೆ ಮೊದಲೇ ಇದನ್ನು ಕೂತು ಮಾತಾಡುವ ಒಬ್ಬ ಟೀಚರ್ ಬೇಕು.

ಎರಡನೆಯದು ಭಾಷೆ. ಸಂತಾಲಿಗೆ ಓಲ್ ಚಿಕಿ ಅನ್ನುವ ಲಿಪಿ ಇದೆ. ಅದನ್ನು ರೂಪಿಸಿದ ಪಂಡಿತ್ ರಘುನಾಥ್ ಮುರ್ಮು ಕೂಡ ಮಯೂರ್‌ಭಂಜ್‌ನವರು, ಅವರೂ ಶಿಕ್ಷಕರಾಗಿದ್ದವರು. 2003ರಲ್ಲಿ ಸಂತಾಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ಮಾನ್ಯತೆ ಪಡೆದ ಭಾಷೆಗಳ ಪಟ್ಟಿಗೆ, ಸೇರಿತು. ಕೊಡವ ಭಾಷೆಯನ್ನೂ ಸೇರಿಸಿ ಅಂತ ನಾವು ಕೇಳುತ್ತಲೇ ಇದ್ದೇವೆ. ಕೇಳೋಣ, ಕೇಳಲೇಬೇಕು. ಹಾಗೆ ಕೇಳುವಾಗ ಯರವ, ಜೇನುಕುರುಬ ಮಾತಿನ ಬಗ್ಗೆಯೂ ಒಂದು ಮಾತು ಆಡಿದರೆ ನಮ್ಮ ಬೇಡಿಕೆಯ ತೂಕ ಹೆಚ್ಚುತ್ತದೆ.

ಮೂರನೆಯದು ಅಧಿಕಾರ. 2008ಕ್ಕೆ ಮೊದಲು ಕೊಡಗಿನಲ್ಲಿ ಮೂರು ವಿಧಾನಸಭಾ ಕ್ಷೇತ್ರ ಇತ್ತು, ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಎರಡೇ ಕ್ಷೇತ್ರ, ಎರಡೂ ಸಾಮಾನ್ಯ. ಹಾಡಿಯ ಹುಡುಗಿಗೆ ಇವತ್ತು ತೆರೆದಿರುವುದು ಗ್ರಾಮ ಪಂಚಾಯಿತಿಯ ಬಾಗಿಲು. ಮುರ್ಮು ಅವರು ಶುರು ಮಾಡಿದ್ದೂ ಅಷ್ಟೇ ಚಿಕ್ಕ ಜಾಗದಿಂದ. ಅವಳು ಓದಿ ಊರಿಗೆ ವಾಪಸ್ ಬಂದು ಟೀಚರೋ, ಅಂಗನವಾಡಿ ಕಾರ್ಯಕರ್ತೆಯೋ ಆದರೆ, ಐದು ವರ್ಷದಲ್ಲಿ ಪಂಚಾಯಿತಿಗೆ ನಿಲ್ಲುವ ಧೈರ್ಯ ಬರುತ್ತದೆ. ನಾವು ಮಾಡಬೇಕಾದ್ದು ಅವಳ ಓದು ಎಸ್‌ಎಸ್‌ಎಲ್‌ಸಿಗೆ ನಿಲ್ಲದ ಹಾಗೆ ನೋಡಿಕೊಳ್ಳುವುದು.

ನಾನು ಟೀಚರ್. ಚುನಾವಣೆಗೆ ನಿಲ್ಲಬಹುದಾ?

ಸರ್ಕಾರಿ ಶಾಲೆಯ ಶಿಕ್ಷಕರಾದರೆ ನೌಕರಿಯಲ್ಲಿ ಇದ್ದುಕೊಂಡು ಆಗುವುದಿಲ್ಲ. ಪಕ್ಷ ಸೇರುವುದನ್ನೂ ಪ್ರಚಾರ ಮಾಡುವುದನ್ನೂ ನಡತೆ ನಿಯಮಗಳು ತಡೆಯುತ್ತವೆ. ರಾಜೀನಾಮೆ ಕೊಟ್ಟು, ಅದು ಅಂಗೀಕಾರ ಆದ ಮೇಲೆ ನಿಲ್ಲಬಹುದು. ಖಾಸಗಿ ಅನುದಾನರಹಿತ ಶಾಲೆಯವರಿಗೆ ಆ ಸರ್ಕಾರಿ ನಿಯಮ ಇಲ್ಲ, ಆದರೆ ಆಡಳಿತ ಮಂಡಳಿಯ ಷರತ್ತು ನೋಡಿಕೊಳ್ಳಿ. ಅನುದಾನಿತ ಶಾಲೆಯವರು ಮೊದಲು ವಕೀಲರನ್ನು ಕೇಳಿ. ವಯಸ್ಸು: ಪಂಚಾಯಿತಿಗೆ 21, ವಿಧಾನಸಭೆ ಮತ್ತು ಲೋಕಸಭೆಗೆ 25, ವಿಧಾನ ಪರಿಷತ್ತು ಮತ್ತು ರಾಜ್ಯಸಭೆಗೆ 30, ರಾಷ್ಟ್ರಪತಿಗೆ 35.

ಶಿಕ್ಷಕರ ಕ್ಷೇತ್ರ ಅಂತ ಇದೆಯಲ್ಲ, ಅದು ಏನು?

ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದ್ದು. ಕೊಡಗು ಸೇರಿರುವುದು ನೈಋತ್ಯ ಶಿಕ್ಷಕರ ಕ್ಷೇತ್ರಕ್ಕೆ. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳೂ ದಾವಣಗೆರೆಯ ಸ್ವಲ್ಪ ಭಾಗವೂ ಅದರಲ್ಲಿವೆ. 2018 ಮತ್ತು 2024ರಲ್ಲಿ ಜೆಡಿಎಸ್‌ನ ಎಸ್.ಎಲ್. ಭೋಜೇಗೌಡ ಗೆದ್ದರು.

ಓಟು ಹಾಕಲು ಕಳೆದ 6 ವರ್ಷದಲ್ಲಿ ಕನಿಷ್ಠ 3 ವರ್ಷ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಹಂತದಲ್ಲಿ ಪಾಠ ಮಾಡಿರಬೇಕು. ಹಾಗಾಗಿ ಪ್ರಾಥಮಿಕ ಶಾಲೆಯ ಟೀಚರ್‌ಗೆ ಓಟಿಲ್ಲ. ಆದರೆ ನಿಲ್ಲುವ ಅಭ್ಯರ್ಥಿ ಶಿಕ್ಷಕರೇ ಆಗಿರಬೇಕು ಅನ್ನುವ ನಿಯಮ ಇಲ್ಲ. ಅ ಆ ಇ ಈ ಕಲಿಸುವವರಿಗೆ ಓಟಿಲ್ಲ, ಯಾವತ್ತೂ ಚಾಕ್‌ಪೀಸ್ ಹಿಡಿಯದವರು ನಿಲ್ಲಬಹುದು. ಇದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಪಾಠ ಮಾಡಿ ರಾಷ್ಟ್ರಪತಿ ಆದವರು ಇನ್ನೂ ಯಾರಿದ್ದಾರೆ?

ಸರ್ವಪಲ್ಲಿ ರಾಧಾಕೃಷ್ಣನ್ ಮೊದಲು ನೆನಪಾಗುವ ಹೆಸರು. 1918ರಿಂದ 1921ರವರೆಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದವರು. ಜಾಕಿರ್ ಹುಸೇನ್, ಶಂಕರ್ ದಯಾಳ್ ಶರ್ಮಾ, ಪ್ರಣಬ್ ಮುಖರ್ಜಿ ಅವರೂ ಕಲಿಸಿದವರೇ. ಇವರೆಲ್ಲ ಕಾಲೇಜು, ವಿಶ್ವವಿದ್ಯಾಲಯದವರು. ಮುರ್ಮು ಅವರು ಬಂದದ್ದು ಚಿಕ್ಕ ಪಟ್ಟಣದ ಶಾಲೆಯಿಂದ.

ಕೊಡಗಿನಿಂದ ದೇಶಮಟ್ಟದ ರಾಜಕೀಯಕ್ಕೆ ಹೋದವರು ಇದ್ದಾರಾ?

ಇದ್ದಾರೆ. ಸಿ.ಎಂ. ಪೂಣಚ್ಚ. ಟೀಚರ್ ಅಲ್ಲ, ಸ್ವಾತಂತ್ರ್ಯ ಹೋರಾಟದಿಂದ ಬಂದವರು. ಸಂವಿಧಾನ ರಚನಾ ಸಭೆಯಲ್ಲಿ ಕೊಡಗಿನ ಪ್ರತಿನಿಧಿ. 1952ರಿಂದ 1956ರವರೆಗೆ, ಅಂದರೆ ಮೈಸೂರು ರಾಜ್ಯಕ್ಕೆ ಸೇರುವವರೆಗೆ, ಕೊಡಗು ರಾಜ್ಯದ ಮುಖ್ಯಮಂತ್ರಿ. ನಂತರ ಕೇಂದ್ರದಲ್ಲಿ ರೈಲ್ವೆ ಮಂತ್ರಿ. ಆಮೇಲೆ ಮಧ್ಯಪ್ರದೇಶದ ರಾಜ್ಯಪಾಲ, 1980ರ ದಶಕದ ಆರಂಭದಲ್ಲಿ ಒಡಿಶಾ ರಾಜ್ಯಪಾಲ. ಅಂದರೆ ಮುರ್ಮು ಅವರು ಒಡಿಶಾ ಸರ್ಕಾರದಲ್ಲಿ ಕಿರಿಯ ಸಹಾಯಕಿಯಾಗಿದ್ದ ಹೊತ್ತಿಗೆ ಆ ರಾಜ್ಯದ ರಾಜ್ಯಪಾಲರು ಕೊಡಗಿನವರು! ಕ್ವಿಜ್ ಮಾಡುವವರು ಇದನ್ನು ಬರೆದಿಟ್ಟುಕೊಳ್ಳಿ.

ರಾಷ್ಟ್ರಪತಿಯಾಗಿ ನಮ್ಮ ಕಡೆ ಬಂದಿದ್ದಾರಾ?

2022ರ ಸೆಪ್ಟೆಂಬರ್ 26ರಂದು ಚಾಮುಂಡಿ ಬೆಟ್ಟದಲ್ಲಿ ಮೈಸೂರು ದಸರಾ ಉದ್ಘಾಟಿಸಿದರು. ರಾಷ್ಟ್ರಪತಿಯೊಬ್ಬರು ದಸರಾ ಉದ್ಘಾಟಿಸಿದ್ದು ಅದೇ ಮೊದಲು. ನವರಾತ್ರಿಯ ಆ ಮೊದಲ ದಿನವೇ ಮಡಿಕೇರಿಯಲ್ಲಿ ನಮ್ಮ ನಾಲ್ಕು ಕರಗಗಳು ಹೊರಡುವುದು. ಮಡಿಕೇರಿಗೆ ಬಂದ ರಾಷ್ಟ್ರಪತಿ ಅಂತ ಕೇಳಿದರೆ ರಾಮನಾಥ್ ಕೋವಿಂದ್ ಅವರ ಹೆಸರು ಹೇಳಿ. ಜನರಲ್ ತಿಮ್ಮಯ್ಯ ಅವರ ಮನೆ ಸನ್ನಿ ಸೈಡ್‌ನಲ್ಲಿ ಮಾಡಿರುವ ವಸ್ತು ಸಂಗ್ರಹಾಲಯವನ್ನು 2021ರ ಫೆಬ್ರವರಿ 6ರಂದು ಅವರು ಉದ್ಘಾಟಿಸಿದರು.

ನಮ್ಮ ಶಾಲೆಯ ಮಕ್ಕಳು ರಾಷ್ಟ್ರಪತಿಗೆ ಪತ್ರ ಬರೆಯಬಹುದಾ?

ಧಾರಾಳವಾಗಿ. ರಾಷ್ಟ್ರಪತಿ ಭವನ, ನವದೆಹಲಿ 110004. ಕನ್ನಡದಲ್ಲೇ ಬರೆಯಿರಿ, ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಇಟ್ಟರೆ ಬೇಗ ಓದುತ್ತಾರೆ. ಅಹವಾಲು ಇದ್ದರೆ ಅದನ್ನು ಸಂಬಂಧಪಟ್ಟ ಇಲಾಖೆಗೆ ಅಥವಾ ರಾಜ್ಯ ಸರ್ಕಾರಕ್ಕೆ ಕಳಿಸುತ್ತಾರೆ. ಹಾಗಾಗಿ ಶೌಚಾಲಯ, ಕಾಂಪೌಂಡ್, ಟೀಚರ್ ಕೊರತೆಯಂಥ ವಿಷಯಕ್ಕೆ ಮೊದಲು ಬಿಇಒ ಕಚೇರಿ. ಹಾಸ್ಟೆಲ್, ಆಶ್ರಮ ಶಾಲೆಯ ವಿಷಯಕ್ಕೆ ಐಟಿಡಿಪಿ (ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ) ಕಚೇರಿ. ಅಲ್ಲಿ ಕೊಟ್ಟ ಅರ್ಜಿಯ ಪ್ರತಿ ಮತ್ತು ಸ್ವೀಕೃತಿ ಜೋಪಾನವಾಗಿ ಇಟ್ಟುಕೊಳ್ಳಿ. ದೆಹಲಿಗೆ ಬರೆಯುವಾಗ ಅದರ ಜೆರಾಕ್ಸ್ ಲಗತ್ತಿಸಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.